ಕೈಗುಣದ ಕನ್ನಡಿ

ಚುಕ್ಕಿಗೆ ಬಾಲ ಬಂದಿತ್ತು. ನಿನ್ನೆ ಮಧ್ಯಾಹ್ನ ಬಂದ ಬಾಲ ಇವತ್ತು ಬೆಳಿಗ್ಗೆ ಹತ್ತು ಗಂಟೆಯಾದರೂ ಹೋಗಿರಲಿಲ್ಲ. ಪರದೆಯ ನಡುವೆ ಸಾಸಿವೆ ಕಾಳಿನಷ್ಟು ಬೆಳಕು ಕಾಣಬೇಕಾದಲ್ಲಿ, ಒದ್ದೆ ಸುಣ್ಣದ ಮೇಲೆ ಯಾರೋ ಬೆರಳೆಳೆದ ಹಾಗೆ ಒಂದು ಗೆರೆ ಎಡಕ್ಕೆ ಜಾರಿ ಮಸುಕಾಗಿ ಮುಗಿಯುತ್ತಿತ್ತು.

“ನಾಯಿ ಬಾಲ ಮೇಡಂ ಇದು,” ಎಂದ ಬೀಗದಣ್ಣ. “ನೆಟ್ಟಗೆ ಮಾಡಿ ಕೈಬಿಟ್ರೆ ಮತ್ತೆ ಡೊಂಕು.”

ಯಾರೂ ನಗಲಿಲ್ಲ. ಬೀಗದಣ್ಣ ಆ ಕ್ಷ-ಕಿರಣ ಕೇಂದ್ರದ ನೌಕರ. ಸೀಸ ಹೊದಿಸಿದ ಕೋಣೆಯೊಳಗೆ ಯಾರೂ ಉಳಿದಿಲ್ಲವೆಂದು ಮೂಲೆ ಮೂಲೆ ನೋಡಿ, ಬಾಗಿಲೆಳೆದು, ಬೀಗ ತಿರುಗಿಸಿ, ಆಮೇಲೆ ಕ್ಷ-ಕಿರಣವನ್ನು ಒಳಗೆ ಬಿಡುವುದು ಅವನ ಕೆಲಸ. ಕೊರಳಲ್ಲಿ ಸದಾ ಬೀಗದ ಕೈ ತೂಗುತ್ತಿದ್ದುದರಿಂದ ಆ ಹೆಸರು. ಅವನ ತಮಾಷೆಗೆ ಎಲ್ಲರಿಗಿಂತ ಮೊದಲು ನಗುವವನು ಕನ್ನಡಿಗೆ ಲೇಪ ಹಾಕಿದ ಪದರ. ಇವತ್ತು ಪದರ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ. ಗುಂಪಿನ ಮುಖ್ಯಸ್ಥೆ ಮೇಡಂ ನಿಂತೇ ಇದ್ದರು. ಅವರು ಕೂರದೆ ನಿಂತರೆ ವಿಷಯ ಕೈಮೀರುತ್ತಿದೆ ಎಂದು ಅರ್ಥ.

ಹಿಂದೆ, ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಸೂಜಿ ಕೂತಿದ್ದಳು. ಕಾಲ ಬಳಿ ಕನ್ನಡಿ ತಂದಿದ್ದ ಖಾಲಿ ಪೆಟ್ಟಿಗೆ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಎಳೆಗೂಸನ್ನು ಹಿಡಿದ ಹಾಗೆ ಹಿಡಿದು, ಆರು ತಾಸು ವ್ಯಾನಿನಲ್ಲಿ ಬಂದವಳು ಅವಳು. ತಂತಿ ಏನಾದರೂ ಕಿತ್ತರೆ ಕೂಡಿಸಲು ಒಬ್ಬರು ಬೇಕೆಂದು ಮೇಡಂ ಕರೆತಂದಿದ್ದರು. ಒಂದು ತಂತಿಯೂ ಕಿತ್ತಿರಲಿಲ್ಲ. ಹೀಗಾಗಿ ಎರಡು ದಿನದಿಂದ ಅವಳಿಗೆ ನೋಡುವುದೊಂದೇ ಕೆಲಸ. ಎಲ್ಲರ ಬೆನ್ನೂ ಮೇಜಿಗೆ ಅಡ್ಡವಾಗಿದ್ದುದರಿಂದ ಅವಳು ನೋಡುತ್ತಿದ್ದುದು ಹೆಚ್ಚಾಗಿ ಬೆನ್ನುಗಳನ್ನೇ.

ಕನ್ನಡಿ ಎಂದರೆ ಮುಖ ನೋಡಿಕೊಳ್ಳುವಂಥದ್ದಲ್ಲ. ಅಂಗೈ ಉದ್ದದ, ಹೆಬ್ಬೆರಳಗಲದ ಸಿಲಿಕಾನ್ ಪಟ್ಟಿ, ದಪ್ಪದಲ್ಲಿ ಉಗುರಿನ ಹಾಗೆ. ಕ್ಷ-ಕಿರಣ ಮೊಂಡು ಜಾತಿ. ನೇರ ಬಡಿದರೆ ಯಾವ ಕನ್ನಡಿಗೂ ಸೊಪ್ಪು ಹಾಕದೆ ತೂರಿಕೊಂಡು ಹೋಗುತ್ತದೆ. ಕೆರೆಯ ನೀರಿಗೆ ಚಪ್ಪಟೆ ಕಲ್ಲನ್ನು ಸವರಿ ಎಸೆದರೆ ಮುಳುಗದೆ ಹೇಗೆ ಜಿಗಿಯುತ್ತದೋ, ಹಾಗೆ ಕನ್ನಡಿಯ ಮೈ ಸವರಿಕೊಂಡು ಹೋಗುವಂತೆ ಬಿಟ್ಟರೆ ಮಾತ್ರ ಒಂದಿಷ್ಟು ತಿರುಗುತ್ತದೆ. ಹಾಗೆ ತಿರುಗಿದ್ದನ್ನೆಲ್ಲ ಒಂದೇ ಚುಕ್ಕಿಗೆ ಕೂಡಿಸಬೇಕಾದರೆ ಕನ್ನಡಿಯ ಬಾಗು ಕರಾರುವಾಕ್ಕಾಗಿರಬೇಕು. ಒಂದು ಕೂದಲನ್ನು ಹತ್ತು ಸಾವಿರ ಸೀಳು ಮಾಡಿ, ಅದರಲ್ಲೊಂದು ಸೀಳಿನಷ್ಟು ಏರುಪೇರಾದರೂ ಬಾಲ ಮೂಡುತ್ತದೆ. ಉಜ್ಜಿ ಉಜ್ಜಿ ಅಷ್ಟು ನಯ ತಂದರೂ, ಎತ್ತಿ ಕೂರಿಸಿ ಸ್ಕ್ರೂ ಬಿಗಿಯುವಷ್ಟರಲ್ಲಿ ಅದು ಹೋಗಿರುತ್ತದೆ. ಅದಕ್ಕೇ ಪಟ್ಟಿಯ ಬೆನ್ನಿಗೆ ಪದರ ಒಂದು ತೆಳು ಲೇಪ ಹಾಕುತ್ತಿದ್ದ. ಲೇಪದ ಮೇಲೆ ಲೇಪ ಹಾಕುತ್ತಲೇ ಮೂರು ವರ್ಷ ಕಳೆದವನಿಗೆ ಪದರ ಎನ್ನದೆ ಇನ್ನೇನೆನ್ನುತ್ತಾರೆ. ಕರೆಂಟು ಕೊಟ್ಟರೆ ಸೆಟೆಯುವ ಲೇಪ ಅದು. ಅದರ ಮೇಲೆ ಮೂವತ್ತೆರಡು ಚಿನ್ನದ ತುಂಡುಗಳು, ಒಂದೊಂದಕ್ಕೂ ಕೂದಲಿಗಿಂತ ತೆಳ್ಳಗಿನ ತಂತಿ. ಯಾವ ತುಂಡಿಗೆ ಎಷ್ಟು ವೋಲ್ಟ್ ಕೊಟ್ಟರೆ ಕನ್ನಡಿ ಅಲ್ಲಿ ಎಷ್ಟು ಬಾಗುತ್ತದೆಂಬ ಕೋಷ್ಟಕ ಕೈಯಲ್ಲಿದ್ದರೆ, ಡೊಂಕಿದ್ದಲ್ಲಿ ಕನ್ನಡಿಗೆ ಬುದ್ಧಿ ಹೇಳಬಹುದು.

ತಂತಿ ಕೂಡಿಸಿದವಳು ಸೂಜಿ. ಕೋಷ್ಟಕ ಅಳೆದವಳೂ ಅವಳೇ.

ಒಂಬತ್ತನೇ ಕ್ಲಾಸಿನ ನಡುವೆ ಅಮ್ಮ ಹಾಸಿಗೆ ಹಿಡಿದಾಗ ಅವಳು ಶಾಲೆ ಬಿಟ್ಟಳು. ಒಂದು ತಿಂಗಳಿಗೆಂದು ಬಿಟ್ಟದ್ದು. ಅಮ್ಮ ಎದ್ದು ಓಡಾಡುವ ಹೊತ್ತಿಗೆ ಇವಳ ಬೆಂಚಿನಲ್ಲಿ ಇನ್ಯಾರೋ ಕೂತಿದ್ದರು, ಮನೆಯೂ ಇವಳ ಕೈಗೆ ಅಂಟಿಕೊಂಡಿತ್ತು. ಸೋದರಮಾವ ಮೇಡಂ ಅವರ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ. ಗಾಜಿನ ಸಾಮಾನು ತೊಳೆಯಲು ಒಬ್ಬಳು ಬೇಕೆಂದಾಗ ಅವನೇ ತಂದು ಸೇರಿಸಿದ. ತೊಳೆಯುವವಳ ಕೈ ಒಂದಿಷ್ಟೂ ನಡುಗುವುದಿಲ್ಲ ಎಂಬುದನ್ನು ಯಾರೋ ಕಂಡರು, ಬಿಳಿ ಸೂಟು ತೊಡಿಸಿ ಹಳದಿ ದೀಪದ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಸೂಜಿ ಎಂಬ ಹೆಸರು ಬಂದದ್ದು ಅಲ್ಲಿ. ಮೈಯೂ ಹಾಗೇ ಇತ್ತು, ಮಾತೂ ಹಾಗೇ. ಬೇರೆಯವರು ಪೋಣಿಸಿ ಎಳೆದರೆ ಮಾತ್ರ ಮುಂದೆ ಹೋಗುವ ಮಾತು.

ಈಗ ಸೀಸದ ಕೋಣೆಯೊಳಗಿರುವುದು ಮೂರನೆಯ ಕನ್ನಡಿ. ಮೊದಲೆರಡನ್ನು ಅಳೆದವರು ಸಂಶೋಧನೆಗೆ ಬಂದ ವಿದ್ಯಾರ್ಥಿಗಳು. ಪದರ ಹನ್ನೊಂದು ಹಂತಗಳ ಒಂದು ಕಾಗದ ಬರೆದುಕೊಟ್ಟಿದ್ದ. ಅದರಲ್ಲಿದ್ದಂತೆ ಚಾಚೂ ತಪ್ಪದೆ ಮಾಡಿದರು. ಬೆಳಿಗ್ಗೆ ಬಂದ ಅಂಕಿ ಸಂಜೆ ಬರಲಿಲ್ಲ, ಸಂಜೆಯದ್ದು ಮಾರನೆಯ ದಿನ ಬರಲಿಲ್ಲ. ಲೇಪ ಕೆಟ್ಟಿದೆಯೆಂದು ತೀರ್ಮಾನವಾಯಿತು. ಎರಡೂ ಕನ್ನಡಿಗಳನ್ನು ಅಡ್ಡಡ್ಡ ಕತ್ತರಿಸಿ ಒಳಗೆ ಏನು ಕೆಟ್ಟಿದೆಯೆಂದು ಹುಡುಕಿದರು. ಏನೂ ಸಿಗಲಿಲ್ಲ. ಪದರ ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಲೇಪ ಬೇಯಿಸುವ ಕುಲುಮೆಯ ಬಿಸಿ ಸ್ವಲ್ಪ ಬದಲಿಸಿ ಮೂರನೆಯದನ್ನು ಮಾಡಿದ. ಅಷ್ಟರಲ್ಲಿ ವಿದ್ಯಾರ್ಥಿಗಳು ಪರೀಕ್ಷೆಗೆಂದು ಹೋಗಿದ್ದರು. ಅಳೆಯುವ ಕೆಲಸ ಸೂಜಿಯ ಪಾಲಿಗೆ ಬಂತು.

ಮೊದಲ ದಿನ ಅವಳೂ ಕಾಗದ ನೋಡಿಯೇ ಮಾಡಿದಳು. ಸೊನ್ನೆಯಿಂದ ಶುರುಮಾಡಿ, ಬೇಕಾದ ವೋಲ್ಟಿಗೆ ನೇರ ಏರಿಸಿಯೋ ಇಳಿಸಿಯೋ ಹೋಗಿ, ಅಂಕಿ ಬರೆದುಕೊಳ್ಳುವುದು. ಅಂಕಿಗಳು ಅವಳ ಕೈಯಲ್ಲೂ ಕುಣಿದವು. ಎರಡನೆಯ ದಿನ ಅವಳ ಕೈ, ಅವಳನ್ನು ಕೇಳದೆಯೇ, ಮಾವ ಹೇಳಿಕೊಟ್ಟಂತೆ ಮಾಡಿತು. ಊಟದ ಬಿಡುವಿನಲ್ಲಿ ಅವನ ಲೇತಿನ ಪಕ್ಕ ನಿಲ್ಲುತ್ತಿದ್ದ ದಿನಗಳಲ್ಲಿ ಅವನು ಹೇಳಿದ್ದ, ಸ್ಕ್ರೂ ಎಂದಮೇಲೆ ಪ್ಲೇ, ಅಂದರೆ ಒಂದಿಷ್ಟು ಸಡಿಲು, ಇದ್ದೇ ಇರುತ್ತದೆ, ಮುಂದೆ ಹೋಗುವಾಗ ಒಂದು ಲೆಕ್ಕ, ಹಿಂದೆ ಬರುವಾಗ ಇನ್ನೊಂದು ಲೆಕ್ಕ, ಆದ್ದರಿಂದ ಗುರುತಿಗೆ ಯಾವಾಗಲೂ ಒಂದೇ ಕಡೆಯಿಂದ ಬಂದು ನಿಲ್ಲು, ದಾಟಿದರೆ ಪೂರ್ತಿ ಹಿಂದೆ ಹೋಗಿ ಮತ್ತೆ ಅದೇ ಕಡೆಯಿಂದ ಬಾ. ಲೇಪಕ್ಕೂ ಸ್ಕ್ರೂವಿಗೂ ಏನು ನಂಟೋ ಅವಳಿಗೆ ಗೊತ್ತಿರಲಿಲ್ಲ. ಮೂವತ್ತೆರಡು ತುಂಡುಗಳನ್ನೂ ತುತ್ತತುದಿಗೆ ಏರಿಸಿದಳು, ಸ್ವಲ್ಪ ಹೊತ್ತು ಬಿಟ್ಟಳು, ಸೊನ್ನೆಗೆ ತಂದಳು, ಮತ್ತೊಮ್ಮೆ ತುದಿಗೆ ಏರಿಸಿ ಅಲ್ಲಿಂದ ಮೆಲ್ಲಗೆ ಇಳಿಸುತ್ತ ಬೇಕಾದ ವೋಲ್ಟಿನಲ್ಲಿ ನಿಲ್ಲಿಸಿದಳು. ಅಂಕಿಗಳು ಸಾಲಾಗಿ ಕೈಕಟ್ಟಿ ಕೂತವು. ನಾಳೆಯೂ ಅವೇ, ನಾಡಿದ್ದೂ ಅವೇ. ಕಾಗದದ ಹನ್ನೊಂದು ಚೌಕಗಳಲ್ಲೂ ಗುರುತು ಹಾಕಿ ಕೆಳಗೆ ಸಹಿ ಮಾಡಿಕೊಟ್ಟಳು.

ಅವತ್ತಿನಿಂದ ಶುರುವಾಯಿತು ಕೈಗುಣದ ಮಾತು. ಅಡುಗೆಯವರಿಗೆ ಇರುತ್ತದೆ, ವೈದ್ಯರಿಗೆ ಇರುತ್ತದೆ, ನಮ್ಮ ಸೂಜಿಗೆ ಕನ್ನಡಿಯ ಕೈಗುಣ ಎಂದರು ಮೇಡಂ. ಹೊರಗಿನಿಂದ ಬಂದವರಿಗೆ ಅವಳನ್ನು ತೋರಿಸಿ, ಇವಳು ಮುಟ್ಟಿದರೆ ಮಾತ್ರ ಇದು ಮಾತು ಕೇಳುತ್ತದೆ ಎನ್ನುತ್ತಿದ್ದರು. ವಿದ್ಯಾರ್ಥಿಗಳು ವಾಪಸು ಬಂದಮೇಲೂ ಅಳೆಯುವ ಮೇಜು ಅವಳದ್ದಾಗಿಯೇ ಉಳಿಯಿತು. ಅವಳು ಮೊದಲು ಹೇಳದೆ ಇದ್ದದ್ದು, ಉಣ್ಣುವ ಮೊದಲು ಕೈ ತೊಳೆದೆ ಎಂದು ಯಾರಾದರೂ ಹೇಳುತ್ತಾರೆಯೇ ಎಂಬ ಕಾರಣಕ್ಕೆ. ಆಮೇಲೆ ಹೇಳದೆ ಇದ್ದದ್ದು, ಯಾರೂ ಕೇಳಲಿಲ್ಲವೆಂಬ ಕಾರಣಕ್ಕೆ. ಅದರಾಚೆ ಇನ್ನೊಂದು ಕಾರಣವಿತ್ತು, ಅದನ್ನು ಅವಳು ತನಗೆ ತಾನೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಆ ಕಟ್ಟಡದಲ್ಲಿ ಎಲ್ಲರ ಹೆಸರಿನ ಹಿಂದೆ ಮುಂದೆ ಏನೇನೋ ಅಕ್ಷರಗಳಿದ್ದವು. ಅವಳಿಗಿದ್ದದ್ದು ಇದೊಂದು. ಕಾಗದಕ್ಕೆ ಬರೆದುಕೊಟ್ಟರೆ ಮಾರನೆಯ ದಿನ ಅದು ಎಲ್ಲರದ್ದೂ ಆಗುತ್ತಿತ್ತು.

ಕತ್ತರಿಸಿದ ಎರಡು ಕನ್ನಡಿಗಳ ಯೋಚನೆ ಅವಳಿಗೆ ಬಂದಿರಲಿಲ್ಲ ಎಂದಲ್ಲ. ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ಬಂದಿತ್ತು. ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟಿದ್ದಳು.

ಹತ್ತೂವರೆಗೆ ಮೇಡಂ ತೀರ್ಮಾನ ಹೇಳಿದರು. ಎರಡು ಗಂಟೆಯವರೆಗೆ ನೋಡುವುದು. ಬಾಲ ಹೋಗದಿದ್ದರೆ ಈ ಕನ್ನಡಿಯನ್ನು ತೆಗೆದು ಹಳೆಯ ದಪ್ಪ ಕನ್ನಡಿಯನ್ನು ಕೂರಿಸುವುದು, ನಾಳೆಯ ಸರದಿಯನ್ನು ಬೇರೆ ಗುಂಪಿಗೆ ಬಿಟ್ಟುಕೊಡುವುದು. ವರದಿಯಲ್ಲಿ, ಈ ಬಗೆಯ ಲೇಪ ನಿಲ್ಲುವುದಿಲ್ಲ ಎಂದು ಬರೆಯುವುದು. ಮತ್ತೆ ನಾಲ್ಕನೆಯದು ಐದನೆಯದು ಎಂದು ಹೋಗುವುದು ಬೇಡ.

“ಲೇಪ ಸುಸ್ತಾಗಿದೆ ಅನ್ಸತ್ತೆ,” ಎಂದ ಪದರ. ತನ್ನ ಸ್ವಂತ ಮಗುವಿನ ಬಗ್ಗೆ ಡಾಕ್ಟರಿಗೆ ಹೇಳುವ ದನಿ ಅದು. “ಒಂದು ತುಂಡು ಸರಿ ಮಾಡಿದ್ರೆ ಪಕ್ಕದ್ದು ಕೆಡತ್ತೆ. ಅದನ್ನ ಸರಿ ಮಾಡೋಕೆ ಹೋದ್ರೆ ಮೊದಲಿಂದು ಕೆಡತ್ತೆ.”

ಅವನು ನೀರು ಕುಡಿಯಲು ಎದ್ದುಹೋದ. ಅವನ ಬೆನ್ನು ಸರಿದಲ್ಲಿ ಸಣ್ಣ ಪರದೆಯೊಂದು ಸೂಜಿಗೆ ಕಾಣಿಸಿತು. ಮೂವತ್ತೆರಡು ಅಂಕಿಗಳ ಸಾಲು. ಬೀಗದಣ್ಣ ಹೊಸ ತಿದ್ದುಪಡಿ ಹಾಕಿ ಗುಂಡಿ ಒತ್ತಿದ. ಏಳನೆಯ ತುಂಡು ಆರು ವೋಲ್ಟಿನಿಂದ ನೇರ ಏಳಕ್ಕೆ ಏರಿತು. ಎಂಟನೆಯದು ಒಂಬತ್ತರಿಂದ ಎಂಟಕ್ಕೆ ಇಳಿಯಿತು. ಒಂಬತ್ತನೆಯದು ಸೊನ್ನೆಯಿಂದ ಮೂರಕ್ಕೆ ಹೋಗಿ ನಿಂತಿತು. ಕೆಲವು ಕೆಳಗಿನಿಂದ, ಕೆಲವು ಮೇಲಿನಿಂದ, ಜಾತ್ರೆಯಲ್ಲಿ ತಪ್ಪಿಸಿಕೊಂಡವರ ಹಾಗೆ.

ಸೂಜಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಅವಳ ಕೋಷ್ಟಕ ಪೂರ್ತಿ ಮೇಲಿನಿಂದ ಇಳಿದು ಬಂದವರ ಲೆಕ್ಕ. ಇಲ್ಲಿ ಅದನ್ನು ಹತ್ತುವವರಿಗೂ ಹಚ್ಚುತ್ತಿದ್ದರು. ಕಾಗದದಲ್ಲಿದ್ದಂತೆಯೇ ಮಾಡುತ್ತಿದ್ದರು, ಪಾಪ. ಸುಸ್ತಾದದ್ದು ಲೇಪವಲ್ಲ.

ಅವಳು ಎದ್ದು ಹೊರಗೆ ಹೋದಳು. ಉದ್ದನೆಯ ಓಣಿಯ ಕೊನೆಯಲ್ಲಿ ಕೈತೊಳೆಯುವ ಜಾಗವಿತ್ತು. ಅಲ್ಲಿ ನಿಂತು ಮಾವನಿಗೆ ಫೋನ್ ಮಾಡಿದಳು. ಲೇತಿನ ಸದ್ದಿನ ನಡುವೆ ಅವನಿಗೆ ಎರಡೆರಡು ಸಲ ಹೇಳಬೇಕಾಯಿತು. ಪೂರ್ತಿ ಕೇಳಿದ ಮೇಲೆ ಅವನು ಯಂತ್ರ ನಿಲ್ಲಿಸಿದ.

“ಹೇಳಿಬಿಡ್ಲಾ ಮಾವ?”

“ಏನಂತ ಹೇಳ್ತೀಯ? ಕಾಗದಕ್ಕೆ ಸುಳ್ಳು ಸಹಿ ಹಾಕಿದ್ದೆ ಅಂತಲಾ?”

ಅವಳು ನಲ್ಲಿಯನ್ನು ತಿರುಗಿಸಿ ಮತ್ತೆ ಮುಚ್ಚಿದಳು.

“ನೋಡು ಪುಟ್ಟಿ. ನಾನು ಈ ಮಿಷನ್ ಮೇಲೆ ಇಪ್ಪತ್ತಾರು ವರ್ಷ. ನಾನು ರಜ ಹಾಕಿದ್ರೆ ಇವರ ಕೆಲಸ ನಿಲ್ಲತ್ತೆ. ಯಾಕೆ ನಿಲ್ಲತ್ತೆ? ಎಲ್ಲ ನಾನು ಬರೆದುಕೊಟ್ಟಿಲ್ಲ, ಅದಕ್ಕೆ. ಹೋಗು, ಒಂದ್ಸಲ ನಾನು ಕೂತು ನೋಡ್ತೀನಿ ಅನ್ನು. ನಿನ್ನ ಥರ ಮಾಡು. ಹಾವೂ ಸಾಯತ್ತೆ, ಕೋಲೂ ಮುರಿಯಲ್ಲ.”

ಮಾವನ ಮಾತಿನಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಕನ್ನಡಿ ಉಳಿಯುತ್ತದೆ, ಪದರನ ಲೇಪ ಉಳಿಯುತ್ತದೆ, ತಾನೂ ಉಳಿಯುತ್ತೇನೆ. ಮುಖಕ್ಕೆ ನೀರು ಹಾಕಿಕೊಂಡು, ಸೆರಗಿನಂಚಲ್ಲಿ ಒರೆಸಿಕೊಂಡು ಒಳಗೆ ಬಂದಳು. ಮೇಡಂ ಹತ್ತಿರ ಹೋಗಿ ನಿಂತಳು. ಅವರು ತಿರುಗಿ ನೋಡುವವರೆಗೂ ನಿಂತೇ ಇದ್ದಳು. ತಾನೊಂದು ಸಲ ಕೂರಬಹುದೇ ಎಂದು ಕೇಳಿದಳು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮೇಡಂ ಕುರ್ಚಿ ಎಳೆದುಕೊಟ್ಟರು.

ಸೂಜಿ ಏನು ಮಾಡುತ್ತಿದ್ದಾಳೆಂದು ಯಾರೂ ಕಣ್ಣಿಟ್ಟು ನೋಡಲಿಲ್ಲ. ಎಲ್ಲರ ಕಣ್ಣೂ ದೊಡ್ಡ ಪರದೆಯ ಮೇಲಿತ್ತು. ಚುಕ್ಕಿ ಮೊದಲು ಒಡೆದ ತತ್ತಿಯ ಹಾಗೆ ಹರಡಿತು. ಬೀಗದಣ್ಣ, ಇದ್ದ ಬಾಲವೇ ವಾಸಿಯಾಗಿತ್ತು ಎಂದು ಗೊಣಗಿದ. ಅವಳು ತುದಿಗೆ ಏರಿಸಿ, ಕಾದು, ಸೊನ್ನೆಗೆ ತಂದು, ಮತ್ತೆ ಏರಿಸಿ, ಒಂದೊಂದನ್ನೂ ಇಳಿಸಿ ನಿಲ್ಲಿಸಿದಳು. ಅಲ್ಪಸ್ವಲ್ಪ ಉಳಿದದ್ದಕ್ಕೆ ತಿದ್ದುಪಡಿ ಹಾಕಿ, ಇಡೀ ಸುತ್ತನ್ನು ಮೊದಲಿನಿಂದ ಮತ್ತೊಮ್ಮೆ ಮಾಡಿದಳು. ಬಾಲ ಒಳಗೆ ಸೆಳೆದುಕೊಂಡಿತು. ಮೂರನೆಯ ಸುತ್ತಿಗೆ ಪರದೆಯ ನಡುವೆ ಒಂದೇ ಒಂದು ಸಾಸಿವೆ ಕಾಳು ಉಳಿಯಿತು, ಕಣ್ಣು ಕುಕ್ಕುವಷ್ಟು ಬೆಳ್ಳಗೆ.

ಮೇಡಂ ಕೂತರು. ಪದರ ಹಿಂದಿನಿಂದ ಬಂದು ಅವಳ ತಲೆ ಸವರಿದ, ಏನೋ ಹೇಳಲು ಹೋಗಿ ಮೂಗು ಒರೆಸಿಕೊಂಡ. ಬೀಗದಣ್ಣ ಕೊರಳಿನ ಬೀಗದ ಕೈಯನ್ನು ತೆಗೆದು ಅವಳ ಮುಂದಿಟ್ಟು, ತಗೋ ತಾಯಿ, ನಾನು ಮನೆಗೆ ಹೋಗುತ್ತೇನೆ ಎಂದ. ಈ ಸಲ ಎಲ್ಲರೂ ನಕ್ಕರು.

“ಏನಂದ್ರೂ ಕೈಗುಣ ಕೈಗುಣವೇ,” ಎಂದರು ಮೇಡಂ.

ಅಲ್ಲಿಗೆ ಮುಗಿಯಬಹುದಿತ್ತು. ಬೀಗದಣ್ಣನಿಗೆ ಹುರುಪು ಬಂದು, ಚುಕ್ಕಿಯನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸಿ ನೋಡೋಣವೆಂದು ತಾನೇ ಅಂಕಿಗಳನ್ನು ಹಾಕಿದ. ಬಾಲ ಮತ್ತೆ ಹೊರಗೆ ಬಂತು. ಅವನು ಕೈ ಎತ್ತಿಬಿಟ್ಟ. ಮೇಡಂ ಕನ್ನಡಿಯನ್ನು ಒಂದು ತಿಂಗಳು ಇಲ್ಲೇ ಬಿಡಲಿದ್ದಾರೆ, ಸೋಮವಾರದಿಂದ ಬೇರೆ ಊರಿನವರು ಬಂದು ಇದರಿಂದಲೇ ಕೆಲಸ ಮಾಡಬೇಕು. ಆಗ ಈ ಹುಡುಗಿಯ ಕೈಯನ್ನು ಎಲ್ಲಿಂದ ತರಲಿ ಎಂದು ಕೇಳಿದ. ಮೇಡಂ ಸೂಜಿಯನ್ನು ನೋಡಿ, ಒಂದು ತಿಂಗಳು ಇಲ್ಲೇ ಇರುತ್ತೀಯಾ ಎಂದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಳು ಅವಳು. ಒಳಗೊಳಗೇ ಹಿಗ್ಗಿದಳು ಕೂಡ, ಅದು ಸುಳ್ಳಲ್ಲ.

ಪದರ ಆ ಹೊತ್ತಿಗೆ ತನ್ನ ನೋಟ್‌ಬುಕ್ ತೆರೆದು ಬರೆಯುತ್ತಿದ್ದ. ಬರೆಯುತ್ತಲೇ, ಹಗುರಾದ ದನಿಯಲ್ಲಿ, ಮೇಡಂಗೆ ಹೇಳಿದ.

“ಒಂದಂತೂ ಖಾತ್ರಿ ಆಯ್ತು ಮೇಡಂ. ಮೊದಲೆರಡನ್ನ ಕೆಡಿಸಿದ್ದು ನಾನೇ. ಕುಲುಮೆ ಬಿಸಿ ತಪ್ಪು ಇಟ್ಟಿದ್ದೆ. ಹಾಗಂತ ವರದಿಯಲ್ಲಿ ಹಾಕಿಬಿಡ್ತೀನಿ. ಇನ್ನು ಮೇಲೆ ಆ ಬಿಸಿಗೆ ಯಾರೂ ಹೋಗಬಾರದು.”

ಅವನು ಖುಷಿಯಿಂದಲೇ ಹೇಳಿದ. ತಪ್ಪು ಯಾವುದೆಂದು ತಿಳಿದವನ ನೆಮ್ಮದಿ ಅವನ ಮುಖದಲ್ಲಿತ್ತು. ಸೂಜಿ ಅವನ ಪೆನ್ನು ಸಾಗುವುದನ್ನು ನೋಡಿದಳು. ಒಂದು ಸಾಲು ಮುಗಿದು ಎರಡನೆಯ ಸಾಲಿಗೆ ಹೋಯಿತು. ಅವನು ಆಡದ ಸುಳ್ಳು ಅವನದೇ ಅಕ್ಷರದಲ್ಲಿ ಒಣಗುತ್ತಿತ್ತು. ಮಾವ ಹೇಳಿದ ಹಾವು ಸತ್ತಿರಲಿಲ್ಲ, ಪದರನ ಪುಸ್ತಕದೊಳಗೆ ಹೋಗಿ ಮಲಗಿತ್ತು.

ಮಾತು ಹೊರಬಂದಾಗ ಅವಳಿಗೇ ಗುರುತು ಸಿಗಲಿಲ್ಲ.

“ಕೈಗುಣ ಅಲ್ಲ ಅಣ್ಣ.”

ಪದರ ತಲೆಯೆತ್ತಿದ.

“ಮೇಲಿಂದ ಇಳಿಸಿ ನಿಲ್ಲಿಸ್ತೀನಿ. ಪ್ರತಿ ಸಲವೂ. ಅಷ್ಟೇ ನಾನು ಮಾಡೋದು. ಕಾಗದದಲ್ಲಿ ಹಾಗಿಲ್ಲ. ಕಾಗದದಲ್ಲಿರೋ ಥರ ಮಾಡಿದ್ರೆ ಇದರ ಅಂಕಿನೂ ಕುಣಿಯತ್ತೆ. ಮೊದಲ ದಿನ ಮಾಡಿ ನೋಡಿದ್ದೆ.”

ಮೇಡಂ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. ಎಷ್ಟು ದಿನದಿಂದ ಎಂದು ಕೇಳಿದರು. ಮೊದಲಿನಿಂದ, ಎಂಟು ತಿಂಗಳಿನಿಂದ ಎಂದಳು. ಹನ್ನೊಂದು ಚೌಕಕ್ಕೂ ಗುರುತು ಹಾಕಿ ಸಹಿ ಮಾಡಿದ್ದೆಯಲ್ಲ ಎಂದರು. ಹೌದು ಎಂದಳು. ಮೇಡಂ ಮತ್ತೇನೂ ಕೇಳಲಿಲ್ಲ. ಬೀಗದಣ್ಣ ಬೀಗದ ಕೈಯನ್ನು ಮೆಲ್ಲಗೆ ಎತ್ತಿ ಮತ್ತೆ ಕೊರಳಿಗೆ ಹಾಕಿಕೊಂಡ.

ಕೇಳಿದವನು ಪದರ.

“ಹಾಗಾದ್ರೆ ಆ ಎರಡು?”

“ಅವೂ ಚೆನ್ನಾಗೇ ಇದ್ವು ಅನ್ಸತ್ತೆ ಅಣ್ಣ.”

“ನಿಂಗೆ ಯಾವಾಗ ಅನಿಸ್ತು?”

ಸುಳ್ಳು ಹೇಳಲು ಅವಳಿಗೆ ಅಲ್ಲೊಂದು ಸಂದಿಯಿತ್ತು. ಈಗಷ್ಟೇ ಎನ್ನಬಹುದಿತ್ತು. ಕಾಲ ಹೆಬ್ಬೆರಳನ್ನು ನೋಡುತ್ತ, ಆಗಲೇ ಒಮ್ಮೆ ಅನಿಸಿತ್ತು ಎಂದಳು.

ಪದರ ನೋಟ್‌ಬುಕ್ ಮುಚ್ಚಿದ. ಎದ್ದು, ಯಾರನ್ನೂ ನೋಡದೆ, ಬಾಗಿಲು ತೆಗೆದುಕೊಂಡು ಹೊರಗೆ ಹೋದ. ಬಾಗಿಲಿಗೆ ಮೆಲ್ಲಗೆ ಮುಚ್ಚಿಕೊಳ್ಳುವ ಸ್ಪ್ರಿಂಗು ಇತ್ತು. ಅದು ಪೂರ್ತಿ ಮುಚ್ಚುವವರೆಗೂ ಸೂಜಿ ಅದನ್ನೇ ನೋಡುತ್ತ ನಿಂತಳು. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು.

ಮೇಡಂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹನ್ನೊಂದು ಹಂತಗಳ ಕಾಗದವನ್ನೂ ಒಂದು ಪೆನ್ನನ್ನೂ ಅವಳ ಮುಂದಿಟ್ಟು, ನಾಲ್ಕನೆಯ ಹಂತವನ್ನು ಹೊಡೆದುಹಾಕಿ ಅಲ್ಲಿ ನೀನು ಮಾಡುವುದನ್ನು ಬರೆ ಎಂದರು. ಸೋಮವಾರ ಹತ್ತು ಗಂಟೆಗೆ ಸಂಸ್ಥೆಯಲ್ಲಿ ತಮ್ಮ ಕೋಣೆಗೆ ಬರಬೇಕೆಂದೂ ಅದೇ ದನಿಯಲ್ಲಿ ಹೇಳಿದರು.

ಅವಳು ಬರೆಯುವುದು ಮರೆತು ವರ್ಷಗಳಾಗಿದ್ದವು. ಸಹಿ, ಅಂಕಿ, ಮನೆಗೆ ತರಬೇಕಾದ ಸಾಮಾನು, ಇಷ್ಟೇ ಅವಳ ಬರವಣಿಗೆ. ಕೈಗೆ ಗೊತ್ತಿದ್ದದ್ದು ಅಕ್ಷರಕ್ಕೆ ಇಳಿಯಲು ಹಟ ಮಾಡಿತು. ನಾಲ್ಕು ಸಾಲು ಬರೆಯಲು ಕಾಲು ತಾಸು ಹಿಡಿಯಿತು. ಬೀಗದಣ್ಣ ಅದನ್ನು ತೆಗೆದುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿದ.

“ತುದಿಗೆ ಏರಿಸಿ ಸ್ವಲ್ಪ ಹೊತ್ತು ಬಿಡಬೇಕು ಅಂತ ಬರೆದಿದೀಯ. ಸ್ವಲ್ಪ ಅಂದ್ರೆ ಎಷ್ಟು?”

ಅವಳಿಗೆ ತಿಳಿಯಲಿಲ್ಲ. ಎಷ್ಟು ಬೇಕೋ ಅಷ್ಟು ಹೊತ್ತು ಕಾಯುತ್ತಿದ್ದಳು. ಆ ಹೊತ್ತಿನಲ್ಲಿ ಏನು ಮಾಡುತ್ತೀಯ ಎಂದು ಅವನು ಬಿಡಿಸಿ ಕೇಳಿದ ಮೇಲೆ, ಮನಸ್ಸಿನಲ್ಲೇ ತಂಗಿಗೆ ಒಂದು ಜಡೆ ಹೆಣೆಯುತ್ತೇನೆ ಎಂದಳು.

“ಯಾವ ತಂಗಿ, ಎಷ್ಟು ಕೂದಲು?” ಎಂದ ಬೀಗದಣ್ಣ. “ಹೊರಗಿಂದ ಬರೋರಲ್ಲಿ ಅರ್ಧ ಜನ ಬೋಳುತಲೆಯೋರು, ಅವರಿಗೆ ಏನು ಹೇಳ್ಲಿ?”

ಆಮೇಲೆ ಅವನೇ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. ಹೆಣಿ ಎಂದ. ಅವಳು ಕಣ್ಣು ಮುಚ್ಚಿದಳು. ನಾಚಿಕೆ ಮೊದಲಿಗೆ ಬೆರಳುಗಳನ್ನು ಕಟ್ಟಿಹಾಕಿತು. ಆಮೇಲೆ ಅವು ಗಾಳಿಯಲ್ಲಿ ತಾವಾಗಿ ಮೂರೆಳೆ ಹಿಡಿದು ಕೆಳಗಿಳಿದವು. ಆಯಿತು ಎಂದಾಗ ನಲವತ್ಮೂರು ಸೆಕೆಂಡು. ಇನ್ನೊಮ್ಮೆ ಮಾಡಿಸಿದ, ನಲವತ್ತೆರಡು. ಮತ್ತೊಮ್ಮೆ, ನಲವತ್ಮೂರು. ಮೇಡಂ ಪರದೆಯನ್ನು ಬಿಟ್ಟು ಅವಳ ಬೆರಳುಗಳನ್ನು ನೋಡುತ್ತಿದ್ದರು. ಸೂಜಿ, ಸ್ವಲ್ಪ ಹೊತ್ತು ಎಂಬುದನ್ನು ಹೊಡೆದು ಅಂಕಿ ಬರೆದಳು.

ಬೀಗದಣ್ಣ ಕಾಗದವನ್ನು ಎದುರಿಗೆ ನಿಲ್ಲಿಸಿಕೊಂಡು ತಾನೇ ಕೂತ. ಸೂಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಹಿಡಿದು ನಿಂತಳು. ಅವನು ಪ್ರತಿ ಸಾಲನ್ನೂ ಬಾಯಿಬಿಟ್ಟು ಓದಿ, ಬೆರಳಿಟ್ಟು, ಆಮೇಲೆ ಮಾಡಿದ. ತತ್ತಿ ಹರಡಿತು, ಕೂಡಿತು. ಅವನು ಸರಿಸಿದ್ದ ನಾಲ್ಕು ಬೆರಳಿನ ಆಚೆ, ಚುಕ್ಕಿ ಬಂದು ಕೂತಿತು. ಅಳತೆ ಹಿಡಿದರು. ಅವಳು ತಂದದ್ದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇರಲಿಲ್ಲ. ಅವನು ತಿರುಗಿ ಅವಳನ್ನು ನೋಡಲಿಲ್ಲ, ಮೇಡಂ ಕೂಡ ನೋಡಲಿಲ್ಲ. ಮುಂದೆ ಎಲ್ಲಿಗೆ ಸರಿಸಬೇಕೆಂದು ಅವರಿಬ್ಬರೂ ಆಗಲೇ ಮಾತಾಡತೊಡಗಿದ್ದರು. ಅವಳ ಬೆನ್ನ ಹಿಂದಿನ ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಎದೆಯಲ್ಲಿ ಖಾಲಿ ಎನಿಸಿತು, ಹಗುರ ಎಂತಲೂ ಎನಿಸಿತು. ಎರಡರಲ್ಲಿ ಯಾವುದೆಂದು ಬಿಡಿಸಿ ನೋಡಲು ಆಗಲಿಲ್ಲ.

ಒಂದೂವರೆಗೆ ಪದರ ವಾಪಸು ಬಂದ. ಕಣ್ಣು ಕೆಂಪಗಿತ್ತು, ಮುಖ ತೊಳೆದುಕೊಂಡಿದ್ದ. ಪರದೆಯ ಮುಂದೆ ನಿಂತು ಬೀಗದಣ್ಣನ ಚುಕ್ಕಿಯನ್ನು ಬಹಳ ಹೊತ್ತು ನೋಡಿದ. ಸೂಜಿ ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದಳು. ಅವನು ತಿರುಗದೆಯೇ ಕೈ ಎತ್ತಿ ತಡೆದ.

“ಇವತ್ತು ನನ್ನ ಹತ್ರ ಮಾತಾಡಬೇಡ.”

ಅವಳು ಸ್ಟೂಲಿಗೆ ಹೋಗಿ ಕೂತಳು. ಊಟಕ್ಕೆ ಹೊರಟ ಮೇಡಂ ಇಬ್ಬರನ್ನೂ ಕರೆದರು, ಇಬ್ಬರೂ ಏಳಲಿಲ್ಲ. ಬೀಗದಣ್ಣ ಸೀಸದ ಬಾಗಿಲಿಗೆ ಬೀಗ ಹಾಕಿ ಮೇಡಂ ಹಿಂದೆ ಹೋದ. ಗಾಳಿಯಂತ್ರದ ಸದ್ದೊಂದು ಉಳಿಯಿತು.

ಪದರ ಮೇಜಿನ ಮೇಲಿಂದ ತನ್ನ ಹನ್ನೊಂದು ಹಂತಗಳ ಕಾಗದವನ್ನು ಎತ್ತಿಕೊಂಡ. ಅವಳ ವಕ್ರ ಅಕ್ಷರದ ನಾಲ್ಕು ಸಾಲುಗಳನ್ನು ಓದಿದ, ಇನ್ನೊಮ್ಮೆ ಓದಿದ. ಕುರ್ಚಿಯೊಂದನ್ನು ಎಳೆದುಕೊಂಡು ಬಂದು ಅವಳ ಎದುರಿಗೆ ಹಾಕಿ ಕೂತು, ಪೆಟ್ಟಿಗೆಯ ಮುಚ್ಚಳದ ಮೇಲೆ ಕಾಗದವನ್ನು ಹರಡಿದ. ಒಂದು ಮಾತೂ ಆಡದೆ ಮೊದಲನೆಯ ಹಂತದ ಮೇಲೆ ಬೆರಳಿಟ್ಟು ಅವಳ ಮುಖ ನೋಡಿದ.

ಸೂಜಿಗೆ ಅರ್ಥವಾಯಿತು. ಅದನ್ನು ಬದಲಿಸಿಲ್ಲ, ಬರೆದಂತೆಯೇ ಮಾಡುತ್ತೇನೆ ಎಂದು ತಲೆಯಾಡಿಸಿದಳು. ಬೆರಳು ಎರಡನೆಯದಕ್ಕೆ ಇಳಿಯಿತು. ಅದನ್ನೂ ಹಾಗೆಯೇ. ಮೂರು. ನಾಲ್ಕನ್ನು ದಾಟಿ ಐದು, ಆರು. ಅವನು ಅವಸರ ಮಾಡಲಿಲ್ಲ, ಒಂದೊಂದರಲ್ಲೂ ಅವಳ ಮುಖ ನೋಡಿ ಕಾದ.

ಏಳನೆಯದರ ಮೇಲೆ ಬೆರಳು ನಿಂತಾಗ ಸೂಜಿಯ ತಲೆ ಆಡಲಿಲ್ಲ. ಅವಳು ಪೆನ್ನಿಗಾಗಿ ಕೈ ಚಾಚಿದಳು.